ಫಿರಂಗಿ ದಳದ ನಿವೃತ್ತ ಸೈನಿಕ ಮತ್ತು ಪ್ರಭುಭೋಜನ

ಬಳ್ಳಾರಿಯ ಕ್ರೈಸ್ತ ಸಭೆಯೊಂದರ ಸದಸ್ಯರಾದ, ಐವತ್ತರ ಆಸುಪಾಸಿನ ಈ ನಿವೃತ್ತ ಸೈನಿಕರನ್ನು ಸಲಹೆಗಾಗಿ ನನ್ನ ಬಳಿಗೆ ಕರೆತಂದವರು ಅವರ ಪತ್ನಿ. (ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.) 1999ರ ಕಾರ್ಗಿಲ್ ಯುದ್ಧದಲ್ಲಿ ಬೋಫೋರ್ಸ್ ಫಿರಂಗಿ ತಂಡದಲ್ಲಿದ್ದ ಅವರು ಭಾನುವಾರದ ಆರಾಧನೆಯನ್ನು ತಪ್ಪಿಸಿದವರಲ್ಲ, ಆದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಹೊತ್ತಿಗೆ ಎದ್ದು ಹೊರಬಂದು, ಗೇಟಿನ ಬಳಿಯ ಬೈಕುಗಳನ್ನು ಸಾಲಾಗಿ ಜೋಡಿಸುತ್ತ ನಿಂತುಬಿಡುತ್ತಾರೆ. ಸ್ವಾತಂತ್ರ್ಯೋತ್ಸವದಂದು ಸಭೆಯವರು ಶಾಲು ಹೊದಿಸಿ ಸನ್ಮಾನಿಸಿದ ಮೇಲೆ ನಿದ್ದೆಯೂ ಕೆಟ್ಟಿತು.

"ನಾವು ಹೊಡೆದ ಗುಂಡು ಯಾರ ಮ್ಯಾಲೆ ಬಿತ್ತು ಅಂತ ನಮಗ ಕಾಣಂಗಿಲ್ರೀ ಮೇಡಂ. ಎಷ್ಟು ಮಂದಿ ಅಂತ ಹೇಳಿ ಕ್ಷಮಾ ಕೇಳ್ಲಿ?"

ನಿದ್ದೆಯ ತೊಂದರೆಗೆ ಮನೋವೈದ್ಯರ ಬಳಿ ಕಳಿಸಿದೆ. ಈ ಪ್ರಶ್ನೆ ಮಾತ್ರ ಮಾತ್ರೆಯಿಂದ ತೀರುವಂಥದ್ದಲ್ಲ. "ದೇಶಕ್ಕಾಗಿ ಮಾಡಿದ್ದು ಪಾಪವಲ್ಲ" ಎಂದು ಸಭಾಪಾಲಕರು (ಪಾಸ್ಟರ್) ಸಮಾಧಾನ ಹೇಳಿದ್ದರಂತೆ; ಸದುದ್ದೇಶದ ಆ ಮಾತೇ ಅವರ ಬಾಯಿ ಕಟ್ಟಿತ್ತೆಂದು ನನ್ನ ಅಭಿಪ್ರಾಯ.

ಹಳೆಯ ಸಭೆ ಇಷ್ಟು ಅವಸರಪಟ್ಟಿರಲಿಲ್ಲ. 4ನೇ ಶತಮಾನದ ಬಿಷಪ್ ಬೆಸಿಲ್, ಯುದ್ಧದಲ್ಲಿ ಕೊಂದದ್ದನ್ನು ಹಿರಿಯರು ಕೊಲೆಯೆಂದು ಎಣಿಸಲಿಲ್ಲವೆಂದು ಒಪ್ಪುತ್ತಲೇ, ಅಂಥವರು ಮೂರು ವರ್ಷ ಪ್ರಭುಭೋಜನದಿಂದ ದೂರವಿರುವುದು ಒಳಿತೆಂದು ಬರೆದರು. ಇಂಗ್ಲೆಂಡಿನಲ್ಲಿ ನಡೆದ 1066ರ ಹೇಸ್ಟಿಂಗ್ಸ್ ಯುದ್ಧದ ತರುವಾಯ, ಫ್ರಾನ್ಸಿನ ಕಡೆಯಿಂದ ದಂಡೆತ್ತಿ ಬಂದು ಗೆದ್ದ ನಾರ್ಮನ್ ಸೈನಿಕರಿಗೇ ಬಿಷಪ್ಪರು ಪ್ರಾಯಶ್ಚಿತ್ತ ವಿಧಿಸಿದರು: ಕೊಂದ ಒಬ್ಬೊಬ್ಬನಿಗೆ ಒಂದು ವರ್ಷ, ಎಷ್ಟು ಮಂದಿ ಸತ್ತರೆಂದು ತಿಳಿಯಲಾಗದ ಬಿಲ್ಲುಗಾರರಿಗೆ ನಲವತ್ತು ದಿನಗಳ ಮೂರು ಉಪವಾಸಕಾಲ. ಇದನ್ನು ಹೇಳಿದಾಗ ಈ ನಿವೃತ್ತ ಸೈನಿಕರು, "ಹಂಗಾದ್ರ ನಮ್ಮಂಥವ್ರು ಆಗಲೂ ಇದ್ರು" ಎಂದರು.

ನಾನು ಕೊಟ್ಟ ಸಲಹೆ ಶಿಕ್ಷೆಯದಲ್ಲ, ಗಡುವಿನದು. ಕೊನೆಯಿಲ್ಲದೆ ಹೊರಗೆ ನಿಲ್ಲುವ ಬದಲು, ಸಭಾಪಾಲಕರೊಡನೆ ಕುಳಿತು, ಈಸ್ಟರ್‌ಗೆ ಮುಂಚಿನ ಉಪವಾಸಕಾಲವಾದ ಲೆಂಟ್‌ನುದ್ದಕ್ಕೂ ಖಾಸಗಿಯಾಗಿ ಮಾತಾಡಿ, ಈಸ್ಟರ್‌ನಂದು ಭೋಜನಕ್ಕೆ ಮರಳುವುದೆಂದು ನಿಶ್ಚಯಿಸಿಕೊಳ್ಳಿ ಎಂದೆ. ಸಭಾಪಾಲಕರು ಮೊದಲು ಹಿಂಜರಿದು ಆಮೇಲೆ ಒಪ್ಪಿದರು.

ಸೇನಾ ಭರ್ತಿಗೆ ತಯಾರಾಗುವ ಓಣಿಯ ಹುಡುಗರಿಗೆ ಇವರೇ ಬೆಳಗಿನ ಓಟ ಕಲಿಸುತ್ತಾರೆ. ಯುದ್ಧ ಕಂಡ ವಿಶ್ವಾಸಿಯ ಸಾಮಾಜಿಕ ಹೊಣೆ ವೇದಿಕೆಗಿಂತ ಈ ಮೈದಾನದಲ್ಲೇ ಹೆಚ್ಚೆಂದು ನನಗನಿಸುತ್ತದೆ. ಬೈಬಲಿನ ಲೂಕನ ಸುವಾರ್ತೆಯಲ್ಲಿ, ತಾವೇನು ಮಾಡಬೇಕೆಂದು ಕೇಳಿದ ಸೈನಿಕರಿಗೆ, ಯೇಸುವಿಗೆ ಮುಂಚೆ ಬಂದ ಪ್ರವಾದಿ ಸ್ನಾನಿಕ ಯೋಹಾನನು ಕೆಲಸ ಬಿಡಿ ಎನ್ನಲಿಲ್ಲ, ಬಲಾತ್ಕಾರದಿಂದ ಹಣ ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ಹುಡುಗರು ಶೌರ್ಯದ ಕಥೆ ಕೇಳಿದಾಗ ನಿದ್ದೆಗೆಟ್ಟ ರಾತ್ರಿಗಳನ್ನೂ ಹೇಳಿರೆಂದೆ.

ಅವರು ಈಸ್ಟರ್‌ನಲ್ಲಿ ಭೋಜನ ಸ್ವೀಕರಿಸಿದ್ದಾರೆ; ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಮಗನೂ ಭರ್ತಿಗೆ ಹೋಗುವೆನೆನ್ನುತ್ತಿರುವುದರಿಂದ, ಮುಂದಿನ ಭೇಟಿಗೆ ತಂದೆ-ಮಗ ಇಬ್ಬರನ್ನೂ ಕರೆದಿದ್ದೇನೆ.