80 ಮುಟ್ಟಿದರೆ ಸ್ಟೀರಿಂಗ್ ನಡುಕ: ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುತ್ತಿಲ್ಲ, ಏಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಕಾರು ಊರ ಕಡೆ ಓಡಾಡುವಾಗ ಏನೂ ತಕರಾರಿಲ್ಲ. ಹಾಸನ ದಾಟಿ ಬೆಂಗಳೂರು ಹೆದ್ದಾರಿಯಲ್ಲಿ 80 ಮುಟ್ಟಿತೆಂದರೆ ಸ್ಟೀರಿಂಗ್ ನಡುಗುತ್ತದೆ, ಇನ್ನೂ ವೇಗ ಏರಿಸಿದರೆ ಕಡಿಮೆಯಾಗುತ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ಈಗ ಸ್ಟೀರಿಂಗ್ ರ‍್ಯಾಕ್ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇಬೇಕೆ?

ಉತ್ತರ: ರ‍್ಯಾಕ್‌ಗೆ ಈಗಲೇ ಕೈ ಹಾಕಿಸಬೇಡಿ. ಸ್ಟೀರಿಂಗ್ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಭಾಗ ಅದು. ಅದು ಸವೆದಿದ್ದರೆ ನಿಮ್ಮ ತೋಟದ ಹಾದಿಯಲ್ಲೇ ಕಟಕಟ ಸದ್ದು ಬರುತ್ತಿತ್ತು, ಸ್ಟೀರಿಂಗ್ ಸಡಿಲ ಅನಿಸುತ್ತಿತ್ತು. ಒಂದು ವೇಗದಲ್ಲಿ ಶುರುವಾಗಿ, ಅದನ್ನು ದಾಟಿದ ಮೇಲೆ ತಗ್ಗುವ ನಡುಕ ಬಹುಪಾಲು ಚಕ್ರದ ತೂಕದ ದೋಷ. ಅದಕ್ಕೆ ಬೇಕಾದದ್ದು ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು. ಅಲೈನ್‌ಮೆಂಟ್‌ನಲ್ಲಿ ಸರಿಪಡಿಸುವುದು ಚಕ್ರಗಳ ಕೋನವನ್ನು. ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ, ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಅದು ಬೇಕು. ನಡುಕಕ್ಕೆ ಅದನ್ನೇ ಹತ್ತು ಸಲ ಮಾಡಿಸಿದರೂ ದುಡ್ಡು ದಂಡ.

ಅಂಗಡಿಗೆ ಹೋಗುವ ಮೊದಲು ಮುಂದಿನ ಚಕ್ರಗಳ ಒಳಬದಿಗೆ ಟಾರ್ಚ್ ಬಿಟ್ಟು ನೋಡಿ. ಮಳೆಗಾಲದಲ್ಲಿ ತೋಟದ ಕೆಸರು ರಿಮ್‌ನ ಒಳಗೆ ಮೆತ್ತಿಕೊಂಡು ಒಣಗುತ್ತದೆ. ಹೊರಗೆ ಗಾಡಿ ಫಳಫಳ ಎನ್ನುತ್ತಿದ್ದರೂ ಒಳಗೆ ಒಂದು ಹಿಡಿ ಮಣ್ಣು ಹಾಗೇ ಕೂತಿರುತ್ತದೆ. ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕದ ತುಂಡುಗಳೇ 5, 10 ಗ್ರಾಂನವು. ಒಂದು ಹಿಡಿ ಮಣ್ಣು ಎಷ್ಟು ಕುಣಿಸೀತು, ನೀವೇ ಲೆಕ್ಕ ಹಾಕಿ. ಕೆರೆದು, ತೊಳೆದು, ಹೆದ್ದಾರಿಗೆ ಒಯ್ದು ನೋಡಿ. ಎಷ್ಟೋ ಮಲೆನಾಡಿನ ಗಾಡಿಗಳ ರೋಗ ಇಷ್ಟರಲ್ಲೇ ವಾಸಿ.

ಆಗಲೂ ಹೋಗದಿದ್ದರೆ ನಾಲ್ಕೂ ಚಕ್ರ ಬ್ಯಾಲೆನ್ಸಿಂಗ್ ಮಾಡಿಸಿ. ಯಂತ್ರದಲ್ಲಿ ಚಕ್ರ ತಿರುಗುವಾಗ ಪಕ್ಕದಲ್ಲೇ ನಿಂತು ನೋಡಿ: ಅಂಚು ಓಲಾಡಿದರೆ ಗುಂಡಿಗೆ ಬಿದ್ದು ರಿಮ್ ಬೆಂಡಾಗಿದೆ. ಟೈರಿನ ಪಕ್ಕದಲ್ಲಿ ಉಬ್ಬು ಕಂಡರಂತೂ ಅದೇ ಟೈರಿನಲ್ಲಿ ಚಾರ್ಮಾಡಿ ಘಾಟಿ ಇಳಿಯಬೇಡಿ. ಒಳಗಿನ ಎಳೆಗಳು ಕಿತ್ತಿರುತ್ತವೆ, ಯಾವಾಗ ಬೇಕಾದರೂ ಒಡೆದೀತು.

ನಡುಕ ಸ್ಟೀರಿಂಗ್‌ಗಿಂತ ಸೀಟಿನಲ್ಲಿ ಹೆಚ್ಚಿದ್ದರೆ ಹಿಂದಿನ ಚಕ್ರದ ಮೇಲೆ ಗುಮಾನಿ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ನೋಡಿಸಿ. ಗುಂಯ್ ಎನ್ನುವ ಸದ್ದು ಬಲಕ್ಕೆ ತಿರುಗುವಾಗ ಜೋರಾದರೆ ಸಾಮಾನ್ಯವಾಗಿ ಎಡಚಕ್ರದ ಬೇರಿಂಗ್.

ಇವೆಲ್ಲ ಸರಿಯಿದ್ದರೆ ಗಾಡಿಯನ್ನು ಲಿಫ್ಟ್‌ಗೆ ಏರಿಸಿ, ಮುಂದಿನ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಲು ಹೇಳಿ. ಸಡಿಲ ಕಂಡರೆ ಮೊದಲು ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳನ್ನು ಚಕ್ರಕ್ಕೆ ಜೋಡಿಸುವ ಕೀಲು) ಪರೀಕ್ಷಿಸಲಿ. ರ‍್ಯಾಕಿನ ಮಾತು ಆಮೇಲೆ. ಮೇಲೆ ಕೆಳಗೆ ಹಿಡಿದಾಗ ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್ ತೋಳಿಗೆ ಜೋಡಿಸುವ ಕೀಲು). ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಅಥವಾ ರ‍್ಯಾಕ್ ಬದಲಿಸಿದರೆ ಮಾತ್ರ ಮೂರನೇ ಸಲ ಅಲೈನ್‌ಮೆಂಟ್‌ಗೆ ದುಡ್ಡು ಕೊಡಿ.