ಎಂಎಂಎಯಲ್ಲಿ ಇಷ್ಟೊಂದು ಸೋತವರಿಗೂ ಪಂದ್ಯ ಸಿಗೋದು ಹೇಗೆ?

ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಕ್ಸೆಡ್ ಮಾರ್ಷಿಯಲ್ ಆರ್ಟ್ಸ್‌ನಲ್ಲಿ (ಎಂಎಂಎ) ಕೆಲವರಿಗೆ ಗೆಲುವಿಗಿಂತ ಸೋಲೇ ಜಾಸ್ತಿ ಇದೆ, ಇವರಿಗೆ ಆಟ ಬರೋದಿಲ್ವಾ, ಆದರೂ ಯಾಕೆ ಕರೀತಾರೆ ಅಂತ ಕೇಳಿದ್ದೀರಿ. ಸೋಲುವ ಸಾಧ್ಯತೆ ಜಾಸ್ತಿ ಇದೆ ಅಂತಲೇ ಕರೀತಾರೆ.

ದೊಡ್ಡ ಟಿವಿ ಶೋಗಳನ್ನು ಬದಿಗಿಡಿ. ಸಣ್ಣ ಶೋ ನಡೆಸುವ ಪ್ರಮೋಟರ್‌ಗೆ ಟಿಕೆಟ್ ಮಾರಿಕೊಡೋದು ಅದೇ ಊರಿನ ಹುಡುಗ. ಅವನ ನೆಂಟರು, ಗೆಳೆಯರು, ಜಿಮ್‌ನವರು ಎಲ್ಲ ಬರ್ತಾರೆ. ಅವನ ರೆಕಾರ್ಡ್ 4-0 (ನಾಲ್ಕು ಗೆಲುವು, ಒಂದೂ ಸೋಲಿಲ್ಲ) ಇದ್ದರೆ ಅದನ್ನು 5-0 ಮಾಡಬೇಕು. ಹಾಗಾದರೆ ಎದುರಿಗೆ ಯಾರಾದರೂ ನಿಲ್ಲಬೇಕಲ್ವಾ? ಮೊದಲು ಒಪ್ಪಿದವನು ಗಾಯ ಮಾಡಿಕೊಂಡು ಹಿಂದೆ ಸರಿದರೆ ಇನ್ನೂ ಪೇಚು. ಆಗ ಫೋನ್ ಮಾಡಿದರೆ ಬರ್ತೀನಿ ಅನ್ನುವವನು, ಹೇಳಿದ ತೂಕಕ್ಕೆ ಇಳಿಯುವವನು, ವೈದ್ಯರ ಪರೀಕ್ಷೆ ಪಾಸಾಗುವವನು ಬೇಕು. ಇಂಥವನು ಜೋಡಿ ಹೊಂದಿಸುವ ಮ್ಯಾಚ್‌ಮೇಕರ್ ಪಾಲಿಗೆ ಚಿನ್ನ. ದುಡ್ಡಿನ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತೆ: ಕಣಕ್ಕಿಳಿದಿದ್ದಕ್ಕೆ ಇಷ್ಟು, ಗೆದ್ದರೆ ಮತ್ತೆ ಅಷ್ಟೇ. ಸೋತವನು ಮೊದಲಿನದ್ದನ್ನು ತಗೊಂಡು ಹೊರಡ್ತಾನೆ.

ಇದು ಫಿಕ್ಸಿಂಗ್ ಅಲ್ವಾ ಅಂತೀರಾ? ಬೇಕೆಂದೇ ಸೋಲೋದು ಬೇರೆ, ಸೋಲುವ ಪಂದ್ಯವನ್ನು ಗೊತ್ತಿದ್ದೂ ಒಪ್ಪಿಕೊಳ್ಳೋದು ಬೇರೆ.

ಅಮೆರಿಕದ ಶ್ಯಾನನ್ ರಿಚ್‌ನನ್ನೇ ನೋಡಿ. ಎಂಬತ್ತಕ್ಕೂ ಹೆಚ್ಚು ಸೋಲು. ಆದರೆ ಐವತ್ತಕ್ಕಿಂತ ಜಾಸ್ತಿ ಗೆಲುವೂ ಇದೆ, ಅದನ್ನು ಯಾರೂ ಹೇಳಲ್ಲ. 2000ದಲ್ಲಿ ಜಪಾನಿನ ಪ್ರೈಡ್ ಅನ್ನುವ ದೊಡ್ಡ ಎಂಎಂಎ ಶೋನಲ್ಲಿ ಕಝುಶಿ ಸಕುರಾಬಾ ಎದುರು ಆಡಿದ. ಆಗ ಸಕುರಾಬಾ ಉತ್ತುಂಗದಲ್ಲಿದ್ದ ಕಾಲ. ಒಂದು ನಿಮಿಷದ ಮೇಲೆ ಕೆಲವು ಸೆಕೆಂಡಿಗೆ ಕಾಲು ಹಿಡಿಯುವ ಪಟ್ಟಿನಲ್ಲಿ ಸಿಕ್ಕಿಬಿದ್ದು ಟ್ಯಾಪ್ ಮಾಡಿದ, ಅಂದರೆ ಕೈ ತಟ್ಟಿ ಸೋಲೊಪ್ಪಿದ. ಆ ಪಂದ್ಯಕ್ಕೆ ಎಷ್ಟು ಜನ ಧೈರ್ಯವಾಗಿ ಹೂಂ ಅಂತಿದ್ದರು?

ಈ ಟ್ಯಾಪ್ ಅನ್ನೋದರಲ್ಲೇ ಇರೋದು ಮಜಾ. ಬಾಕ್ಸಿಂಗ್‌ನಲ್ಲೂ ಸೋತು ಬದುಕಿದವರಿದ್ದಾರೆ. ಇಂಗ್ಲೆಂಡಿನ ಪೀಟರ್ ಬಕ್ಲಿ 300 ಪಂದ್ಯ ಆಡಿ 256 ಸೋತ. ಆದರೆ ಅಲ್ಲಿ ಸುತ್ತು ಮುಗಿಯುವ ತನಕ ಮುಖ ಮುಚ್ಚಿಕೊಂಡು ಏಟು ತಪ್ಪಿಸಿಕೊಳ್ಳುತ್ತಾ ಇರಬೇಕು. ಎಂಎಂಎಯಲ್ಲಿ ಎದುರಾಳಿಯ ಮೈಮೇಲೆ ಎರಡು ಸಲ ತಟ್ಟಿದರೆ ಸಾಕು, ಮುಗೀತು. ಅನುಭವಿ ಸೋಲುಗಾರನನ್ನು ಗಮನಿಸಿ ನೋಡಿ. ಬೆನ್ನ ಹಿಂದಿನಿಂದ ತೋಳು ಕುತ್ತಿಗೆಗೆ ಬಂತು. ಗದ್ದವನ್ನು ಎದೆಗೆ ಒತ್ತಿ ಒಂದೆರಡು ಸಲ ಆ ಕೈ ಕಿತ್ತು ನೋಡ್ತಾನೆ. ತೋಳು ಗದ್ದದ ಕೆಳಗೆ ಜಾರಿತೋ, ತಟ್ಟಿಬಿಡ್ತಾನೆ. ಪ್ರಜ್ಞೆ ತಪ್ಪೋ ತನಕ ಕಾಯಲ್ಲ. ನಾಕೌಟ್ ಆದರೆ ಪಂದ್ಯಗಳ ಮೇಲೆ ಕಣ್ಣಿಡುವ ಕಮಿಷನ್‌ನವರು ವೈದ್ಯಕೀಯ ಕಾರಣ ಕೊಟ್ಟು 30, 60, 90 ದಿನ ಆಡಬೇಡ ಅಂತಾರೆ. ಅಷ್ಟು ದಿನ ಸಂಪಾದನೆ ಇಲ್ಲ. ಹಾಗಾಗಿ ಅವನಿಗೆ ಸೋಲಿಗಿಂತ ಗುದ್ದಿನ ಭಯ ಜಾಸ್ತಿ.

ಎಲ್ಲರಿಗೂ ಈ ಜಾಣತನ ಇರಲ್ಲ, ಇಲ್ಲೇ ನನಗೆ ಬೇಜಾರು. ಗ್ಯಾರಿ ಗುಡ್‌ರಿಜ್ ಅಂತ ಒಬ್ಬ ಇದ್ದ, ಗುದ್ದಾಡೋದಕ್ಕೇ ಹೆಸರಾದವನು. 2003ರ ಡಿಸೆಂಬರ್ 31ರಂದು ಡಾನ್ ಫ್ರೈ ಅನ್ನುವ ಎದುರಾಳಿಯ ತಲೆಗೆ ಒದ್ದು 39 ಸೆಕೆಂಡಿನಲ್ಲಿ ಮಲಗಿಸಿದ. ಅದೇ ಕೊನೆ ಅಂದಿದ್ದ. ಮತ್ತೆ ಬಂದ. ಕಿಕ್‌ಬಾಕ್ಸಿಂಗ್, ಎಂಎಂಎ ಎರಡರಲ್ಲೂ ತಲೆಗೆ ಏಟು ತಿಂದ. ಕೊನೆಯ ವರ್ಷಗಳಲ್ಲಿ ಸೋಲಿನ ಮೇಲೆ ಸೋಲು. ಆಮೇಲೆ ಮಿದುಳಿಗೆ ಶಾಶ್ವತ ಹಾನಿ ಆಗಿದೆ ಅಂತ ವೈದ್ಯರು ಹೇಳಿದರು. ಇಂಥವರಿಗೆ ಪಂದ್ಯ ಕೊಡುತ್ತಾ ಹೋದ ಪ್ರಮೋಟರ್‌ಗಳ ಮೇಲೆ ನನಗೆ ಸಿಟ್ಟಿದೆ.

ಇನ್ನು ಟೋನಿ ಫರ್ಗುಸನ್. ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿಯಲ್ಲಿ ಸತತ 12 ಗೆಲುವು, ಆಮೇಲೆ 2020ರಿಂದ 2024ರ ತನಕ ಸತತ 8 ಸೋಲು. ಅವನನ್ನು ಸೋಲಿಸಿದವರಲ್ಲಿ ಗೇತ್ಜಿ, ಒಲಿವೇರಾ ಅಂಥ ಅಗ್ರ ಫೈಟರ್‌ಗಳಿದ್ದಾರೆ. ಇದನ್ನು ಕಳಪೆ ಫೈಟರ್ ಲೆಕ್ಕಕ್ಕೆ ಸೇರಿಸೋಕೆ ಆಗಲ್ಲ, ವಯಸ್ಸಾದ ಲೆಕ್ಕಕ್ಕೆ ಸೇರಿಸಬೇಕು.

ಹಾಗಾಗಿ ರೆಕಾರ್ಡ್ ನೋಡುವಾಗ ಸುಮ್ನೆ ಸೋಲು-ಗೆಲುವಿನ ಅಂಕಿ ನೋಡಬೇಡಿ. ನಾನು ಮೊದಲು ನೋಡೋದು ಎದುರಾಳಿ ಯಾರು, ಹೇಗೆ ಸೋತ, ಎರಡು ಪಂದ್ಯದ ನಡುವೆ ಎಷ್ಟು ದಿನ ಇತ್ತು ಅಂತ. ಸಬ್ಮಿಷನ್‌ಗಳೇ (ಪಟ್ಟಿಗೆ ಸಿಕ್ಕಿ ತಟ್ಟಿ ಸೋತದ್ದು) ಸಾಲಾಗಿದ್ದರೆ ಅವನು ತನ್ನ ಕೆಲಸ ತಾನು ಮಾಡ್ತಿದ್ದಾನೆ ಬಿಡಿ. ನಾಕೌಟ್‌ಗಳು ಒತ್ತೊತ್ತಾಗಿ ಇದ್ದರೆ, ಅವನಿಗೆ ಮುಂದಿನ ಪಂದ್ಯಕ್ಕೆ ಲೈಸೆನ್ಸ್ ಕೊಟ್ಟವರು ಯಾರು ಅಂತ ಕೇಳಬೇಕು.