ಕಾರ್ವೆಂಡೆಲ್ ಹಟ್‌ಗಳಿಗೆ ಅಪ್ಪ ಅಮ್ಮನ ಜೊತೆ ಹೋಗುವುದಾದರೆ

ನಮಸ್ಕಾರ. ಮೈಸೂರಿನಿಂದ ಅಪ್ಪ ಅಮ್ಮ ಮ್ಯೂನಿಕ್‌ಗೆ ಬರ್ತಿದ್ದಾರೆ, ಅಪ್ಪನಿಗೆ 62, ಸೆಪ್ಟೆಂಬರ್ ಮೊದಲ ವಾರ ಆಸ್ಟ್ರಿಯಾದ ಕಾರ್ವೆಂಡೆಲ್ ಬೆಟ್ಟಸಾಲಿನಲ್ಲಿ ಶಾರ್ನಿಟ್ಸ್‌ನಿಂದ ಪೆರ್ಟಿಸಾವ್‌ವರೆಗೆ ನಾಲ್ಕು ದಿನ, ಮೂರು ರಾತ್ರಿ ಹಟ್‌ನಲ್ಲಿ (ಬೆಟ್ಟದ ಮೇಲಿನ ತಂಗುಮನೆ) ಅಂತ ಬರೆದಿದ್ದೀರಿ. ಮೊದಲೇ ಬುಕ್ ಮಾಡಬೇಕಾ, ಮಲಗುವುದು ಮತ್ತು ಟಾಯ್ಲೆಟ್ ಹೇಗೆ, ಸಸ್ಯಾಹಾರ ಸಿಗುತ್ತಾ, ಜಾಗ ಸಿಗದಿದ್ದರೆ ಟೆಂಟ್ ಹಾಕಬಹುದಾ ಅಂತ ಕೇಳಿದ್ದೀರಿ. ನಾನು ಆ ಕಡೆ ಆರೇಳು ಸಲ ಹೋಗಿ ಬಂದಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ನಿಮ್ಮ ಪ್ಲಾನ್ ಬಗ್ಗೆ. ನಾಲ್ಕು ದಿನ ಬೇಡ. ದಾರಿ ಕಷ್ಟ ಅಂತಲ್ಲ. ಶಾರ್ನಿಟ್ಸ್‌ನಿಂದ ಕಾರ್ವೆಂಡೆಲ್‌ಹೌಸ್ ಎಂಬ ಹಟ್‌ಗೆ ಮೊದಲ ದಿನವೇ ಸುಮಾರು 18 ಕಿಲೋಮೀಟರ್. ಬಹುಪಾಲು ಜಲ್ಲಿ ರಸ್ತೆ, ಕಣಿವೆ ಮುಗಿಯುವುದೇ ಇಲ್ಲ. ಅದು ಸೈಕಲ್‌ನವರಿಗೆ ಚೆಂದ. ವಿಮಾನ ಇಳಿದು ಒಂದು ವಾರವೂ ಆಗದ ಅಪ್ಪ ಅಮ್ಮನಿಗೆ ಸುಮ್ನೆ ಶಿಕ್ಷೆ. ಅದರ ಬದಲು ಒಂದೇ ಹಟ್, ಒಂದೇ ರಾತ್ರಿ, ಬಸ್ ಹೋಗುವ ಎಂಗ್ ಎಂಬ ಜಾಗದಿಂದ ಫಾಲ್ಕನ್‌ಹ್ಯುಟ್ಟೆ ಎಂಬ ಹಟ್‌ಗೆ ಹೋಗಿ. ಕಾರ್ವೆಂಡೆಲ್‌ನ ಅಸಲಿ ಜಾಗ ಅದೇ.

ಮ್ಯೂನಿಕ್‌ನಿಂದ ಲೆಂಗ್‌ಗ್ರೀಸ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಅಲ್ಲಿಂದ ಬೇಸಿಗೆಯಲ್ಲಿ ಎಂಗ್‌ಗೆ ಬಸ್ ಇದೆ. ಒಂದು ಎಚ್ಚರಿಕೆ: ಈ ರೈಲು ದಾರಿಯಲ್ಲಿ ತುಂಡಾಗುತ್ತದೆ. ಹೋಲ್ಟ್ಸ್‌ಕಿರ್ಖನ್‌ನಲ್ಲಿ ಒಂದು ಭಾಗ ಬೇರೆ ಕಡೆ, ಆಮೇಲೆ ಶಾಫ್ಟ್‌ಲಾಖ್‌ನಲ್ಲಿ ಇನ್ನೊಂದು ಭಾಗ ಟೇಗರ್ನ್‌ಸೇ ಕಡೆ. ಬೋಗಿಯ ಬೋರ್ಡ್ ನೋಡಿ ಹತ್ತಿ. ಮೊದಲ ಸಲ ನಾನು ಕಿಟಕಿ ಪಕ್ಕ ಸೀಟು ಸಿಕ್ಕಿತೆಂದು ಖುಷಿಯಾಗಿ ನಿದ್ದೆ ಹೊಡೆದು, ಎದ್ದಾಗ ಟೇಗರ್ನ್‌ಸೇ ಕೆರೆ ದಂಡೆಯಲ್ಲಿದ್ದೆ. ಬಸ್ ತಪ್ಪಿತು, ಆ ದಿನವೂ ಹೋಯಿತು. ಎಂಗ್‌ಗೆ ಬಸ್ಸುಗಳು ದಿನಕ್ಕೆ ಕೆಲವೇ ಕೆಲವು. ಬರುವಾಗಿನ ಕೊನೆಯ ಬಸ್ಸಿನ ಸಮಯ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಚಿತ್ರ. ಎಂಗ್ ಇರುವುದು ಆಸ್ಟ್ರಿಯಾದಲ್ಲಿ, ಆದರೆ ವಾಹನ ರಸ್ತೆ ಜರ್ಮನಿ ಕಡೆಯಿಂದ ಮಾತ್ರ. ಹಾಗಾಗಿ ಗಡಿ ದಾಟುತ್ತೀರಿ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಒರಿಜಿನಲ್ ಬ್ಯಾಗಿನಲ್ಲಿರಲಿ, ಫೋನಿನ ಫೋಟೋ ಸಾಲದು.

ಎಂಗ್ ಸುಮಾರು 1,200 ಮೀಟರ್ ಎತ್ತರ. ಬಸ್ ಇಳಿದ ಕೂಡಲೇ ಗ್ರೋಸರ್ ಆಹೊರ್ನ್‌ಬೋಡನ್. ಹುಲ್ಲುಗಾವಲಿನ ಮೇಲೆ ಸುಮಾರು 2,000 ಮೇಪಲ್ ಮರಗಳು, ಒಂದೊಂದು ಕೆಲವು ನೂರು ವರ್ಷ ಹಳೆಯವು. ಎಲೆ ಹಳದಿಯಾಗುವುದು ಅಕ್ಟೋಬರ್‌ನಲ್ಲಿ, ನಿಮಗೆ ಹಸಿರೇ ಸಿಗುತ್ತದೆ. ಅಲ್ಲಿಂದ ಹೋಲ್‌ಯೋಖ್‌ಗೆ, ಅಂದರೆ ಎರಡು ಬೆಟ್ಟಗಳ ನಡುವೆ ದಾಟುವ ತಗ್ಗಿಗೆ ಏರು, ಅದು 1,794 ಮೀಟರ್. ಅಲ್ಲಿ ನಿಂತರೆ ಎದುರಿಗೆ ಹಟ್ ಕಾಣುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಬಂದೇಬಿಟ್ಟೆವು ಅಂದುಕೊಳ್ಳುತ್ತೀರಿ, ದಾರಿ ಮತ್ತೆ ಇಳಿದು, ಕಲ್ಲುರಾಶಿಯ ಕೆಳಗೆ ಹಾದು, ಮತ್ತೆ ಏರುತ್ತದೆ. ಎಡಗಡೆ ಲಾಲಿಡರರ್ ಗೋಡೆ, ನೂರಾರು ಮೀಟರ್ ನೆಟ್ಟಗೆ ನಿಂತ ಸುಣ್ಣಕಲ್ಲು. ಆಗಾಗ ಮೇಲಿಂದ ಕಲ್ಲು ಉರುಳುವ ಸದ್ದು ಬರುತ್ತದೆ. ಹಾಗಾಗಿ ಆ ಭಾಗದಲ್ಲಿ ತಿಂಡಿಗೆ ಕೂರಬೇಡಿ, ಹೋಲ್‌ಯೋಖ್‌ನಲ್ಲೇ ಮುಗಿಸಿ. ಬೋರ್ಡಿನಲ್ಲಿ ಎರಡೂವರೆ ಗಂಟೆ ಆಸುಪಾಸು ಇರುತ್ತದೆ. ನೀವು ನಾಲ್ಕು ಗಂಟೆ ಇಟ್ಟುಕೊಳ್ಳಿ.

ಹಟ್ 1,848 ಮೀಟರ್‌ನಲ್ಲಿದೆ. ಅಂದರೆ ಕುಮಾರ ಪರ್ವತದ ತುದಿಗಿಂತ ಮೇಲೆ ನಿಮ್ಮ ಹಾಸಿಗೆ! ಅಪ್ಪನಿಗೆ ಹೀಗೆ ಹೇಳಿ ನೋಡಿ, ಉಮೇದು ಬರುತ್ತದೆ.

ಬುಕಿಂಗ್ ಬೇಕೇ ಬೇಕು. ಸೆಪ್ಟೆಂಬರ್ ಶುರುವಿನಲ್ಲಿ ಶನಿವಾರವಂತೂ ಮರೆತುಬಿಡಿ, ವಾರದ ಮಧ್ಯೆ ಹೋಗಿ. ಆನ್‌ಲೈನ್‌ನಲ್ಲೇ ಜಾಗ ಹಿಡಿಯಬಹುದು. ಹೋಗಲಾಗದಿದ್ದರೆ ದಯವಿಟ್ಟು ಕ್ಯಾನ್ಸಲ್ ಮಾಡಿ. ದುಡ್ಡು ಹೋಗುವುದು ಒಂದು ಕಡೆ. ನೀವು ಬರದಿದ್ದರೆ ದಾರಿಯಲ್ಲಿ ಏನಾದರೂ ಆಯಿತೇನೋ ಎಂದು ಹಟ್‌ನವರು ಯೋಚನೆ ಮಾಡಬೇಕಾಗುತ್ತದೆ. ಕುಮಾರ ಪರ್ವತದ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆಗೆ ಊಟಕ್ಕೆ ಮೊದಲೇ ಹೇಳಿ ಹೋಗುತ್ತೇವಲ್ಲ, ಅದೇ ಮರ್ಯಾದೆ ಇಲ್ಲೂ.

ಟೆಂಟ್ ವಿಷಯ ಒಂದೇ ಮಾತು: ಬೇಡ. ಈ ಹಟ್ ಇರುವ ಆಸ್ಟ್ರಿಯಾದ ಟಿರೋಲ್ ರಾಜ್ಯದಲ್ಲಿ ಕ್ಯಾಂಪ್‌ಸೈಟ್ ಬಿಟ್ಟು ಬೇರೆಡೆ ಟೆಂಟ್ ಹಾಕುವುದು ಕಾನೂನಿಗೆ ವಿರುದ್ಧ. ಇದಂತೂ 1928ರಿಂದ ರಕ್ಷಿತ ಪ್ರದೇಶ, ಹದ್ದುಗಳು ಗೂಡು ಕಟ್ಟುವ ಜಾಗ. ಡ್ರೋನನ್ನೂ ಮನೆಯಲ್ಲೇ ಬಿಡಿ.

ಈಗ ಮಲಗುವುದು. ಎರಡು ಬಗೆ. ಒಂದು ನಾಲ್ಕೈದು ಮಂಚದ ರೂಮು, ಇನ್ನೊಂದು ಲಾಗರ್, ಅಂದರೆ ಸಾಲಾಗಿ ಹಾಸಿಗೆ ಹಾಕಿದ ದೊಡ್ಡ ಕೋಣೆ. ಮದುವೆ ಛತ್ರದಲ್ಲಿ ಮಲಗಿದವರಿಗೆ ಹೊಸತೇನಲ್ಲ, ಗೊರಕೆ ಸಮೇತ. ಅಮ್ಮನಿಗಾಗಿ ರೂಮೇ ಕೇಳಿ. ಕಂಬಳಿ, ದಿಂಬು ಅಲ್ಲಿರುತ್ತವೆ, ಆದರೆ ಕಂಬಳಿಯೊಳಗೆ ನುಸುಳಿ ಮಲಗುವ ತೆಳು ಬಟ್ಟೆಯ ಚೀಲ ನೀವೇ ಒಯ್ಯಬೇಕು, ಕಡ್ಡಾಯ. ಹಳೆ ಡಬಲ್ ಬೆಡ್‌ಶೀಟನ್ನು ಮಡಚಿ ಎರಡು ಕಡೆ ಹೊಲಿದರೂ ನಡೆಯುತ್ತದೆ, ನನ್ನದು ಹಾಗೇ ಮಾಡಿದ್ದು. ರಾತ್ರಿ 10ಕ್ಕೆ ಸದ್ದು ಬಂದ್. ಬೆಳಿಗ್ಗೆ ಬೇಗ ಹೊರಡುವವರು ಬ್ಯಾಗನ್ನು ರಾತ್ರಿಯೇ ಕಟ್ಟಿಡಬೇಕು. 5 ಗಂಟೆಗೆ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸುವವರನ್ನು ಯಾರೂ ಕ್ಷಮಿಸುವುದಿಲ್ಲ.

ಟಾಯ್ಲೆಟ್ ಕಾಮನ್, ಚೊಕ್ಕಟವಾಗಿರುತ್ತದೆ, ಕಾಗದ ಮಾತ್ರ. ಮಗ್ ಸಿಗುವುದಿಲ್ಲ, ಖಾಲಿ ಬಾಟಲಿ ಒಯ್ಯಿರಿ. ಈ ಬೆಟ್ಟಗಳು ಸುಣ್ಣಕಲ್ಲಿನವು, ಮಳೆ ನೀರು ಬಿದ್ದ ಹಾಗೇ ಬಿರುಕಿನಲ್ಲಿ ಇಂಗಿಹೋಗುತ್ತದೆ. ಸುತ್ತ ಇಷ್ಟು ಹಸಿರಿದ್ದರೂ ಮೇಲೆ ನೀರಿಗೆ ಬರ. ಆದ್ದರಿಂದ ಸ್ನಾನದ ಆಸೆ ಇಟ್ಟುಕೊಳ್ಳಬೇಡಿ. ಶವರ್ ಇರುವ ಹಟ್‌ಗಳಲ್ಲೂ ದುಡ್ಡು ಕೊಟ್ಟು ಕೆಲವು ನಿಮಿಷ ಮಾತ್ರ. ದಾರಿಗೆ ತಲೆಗೆ ಒಂದೂವರೆ ಲೀಟರ್ ನೀರು ಕೆಳಗಿಂದಲೇ ತುಂಬಿಕೊಳ್ಳಿ.

ಬೂಟು ಒಳಗೆ ತರುವಂತಿಲ್ಲ. ಬಾಗಿಲ ಪಕ್ಕ ಬೂಟಿನ ಕೋಣೆ ಇರುತ್ತದೆ, ಸಂಜೆ ಹೊತ್ತಿಗೆ ಅಲ್ಲಿ ಐವತ್ತು ಜೋಡಿ ಒದ್ದೆ ಬೂಟು, ವಾಸನೆಯೂ ಹಾಗೇ. ಒಂದು ಸಲ ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಬೂಟು ಇಲ್ಲ. ಅದೇ ಕಂಪನಿ, ಅದೇ ಬಣ್ಣದ, ಒಂದು ಸೈಜ್ ಚಿಕ್ಕದು ಕೂತಿದೆ. ಯಾರೋ ಕತ್ತಲಲ್ಲಿ ನನ್ನದನ್ನು ಹಾಕಿಕೊಂಡು ಹೊರಟಿದ್ದರು. ಹಟ್ ನೋಡಿಕೊಳ್ಳುವವರು ಮುಂದಿನ ಹಟ್‌ಗೆ ಫೋನ್ ಮಾಡಿ, ಪುಣ್ಯಾತ್ಮ ವಾಪಸ್ ಬರುವ ಹೊತ್ತಿಗೆ 11 ಗಂಟೆ. ಅಲ್ಲಿಯವರೆಗೆ ಚಪ್ಪಲಿಯಲ್ಲಿ ಕೂತು ಮೂರು ಕಾಫಿ ಕುಡಿದೆ. ಆಮೇಲಿಂದ ನನ್ನ ಲೇಸಿಗೆ ಕೆಂಪು ಉಣ್ಣೆ ದಾರ ಕಟ್ಟಿರುತ್ತದೆ. ನೀವೂ ಕಟ್ಟಿ. ಒಳಗೆ ಹಾಕಲು ಹಗುರ ಚಪ್ಪಲಿ ಮರೆಯಬೇಡಿ.

ಊಟಕ್ಕೆ ಬಂದರೆ, ಸಸ್ಯಾಹಾರ ಸಿಗುತ್ತದೆ, ಆದರೆ ಕೇಳಿ ಕೇಳಿ ತಿನ್ನಬೇಕು. ಸೂಪ್ ಅಂದರೆ ಬಹುತೇಕ ದನದ ಮಾಂಸದ ಸಾರು. ಅದರಲ್ಲಿ ತೇಲುವ ಉಂಡೆ ಕ್ನೋಡೆಲ್, ಅದರ ಹೆಸರಿನ ಮೊದಲಿಗೆ ಶ್ಪೆಕ್ ಅಂತಿದ್ದರೆ ಹಂದಿ ಮಾಂಸ. ಕೇಸ್‌ಶ್ಪೆಟ್ಸ್‌ಲೆ ಚೀಸ್ ಹಾಕಿದ ಶ್ಯಾವಿಗೆ ತುಂಡಿನಂಥದ್ದು, ಮಾಂಸ ಇಲ್ಲ, ಆದರೆ ಹಿಟ್ಟಿನಲ್ಲಿ ಮೊಟ್ಟೆ ಇದೆ. ಕೈಸರ್‌ಶ್ಮಾರನ್ ಎಂಬ ಹರಿದ ಸಿಹಿ ದೋಸೆಗೂ ಮೊಟ್ಟೆ. ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದರೆ ಬ್ರೆಡ್ಡು, ಚೀಸು, ಆಲೂಗಡ್ಡೆ, ಅಷ್ಟೇ ಉಳಿಯುವುದು. ಬುಕ್ ಮಾಡುವಾಗಲೇ ಬರೆದುಬಿಡಿ. ಚಟ್ನಿಪುಡಿ ಡಬ್ಬಿ ಜೊತೆಗಿರಲಿ, ಬೆಂದ ಆಲೂಗಡ್ಡೆಗೆ ಉದುರಿಸಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಪೂರಾ ಬುತ್ತಿ ಬಿಚ್ಚಿ ಟೇಬಲ್ ತುಂಬ ಹರಡುವುದು ಬೇಡ, ಹೊರಗಿನ ಬೆಂಚಿನಲ್ಲಿ ತಿನ್ನಿ. ಕಸ ವಾಪಸ್ ಕೆಳಗೆ ನೀವೇ ತರಬೇಕು. ಕ್ಯಾಶ್ ಇಟ್ಟುಕೊಳ್ಳಿ.

ನೀವು ಇಲ್ಲೇ ಇರುವವರಾದ್ದರಿಂದ ಇಂಥ ಹಟ್‌ಗಳನ್ನು ನಡೆಸುವ ಆಲ್ಪೈನ್ ಕ್ಲಬ್ಬಿನ ಸದಸ್ಯರಾಗಿ. ರಾತ್ರಿಗೆ ಕಡಿಮೆ ಎಂದರೂ 10 ಯೂರೋ ಉಳಿಯುತ್ತದೆ, ಬೆಟ್ಟದಲ್ಲಿ ಸಿಕ್ಕಿಕೊಂಡರೆ ರಕ್ಷಣೆಯ ಖರ್ಚಿಗೆ 25,000 ಯೂರೋವರೆಗೆ ವಿಮೆಯೂ ಇದೆ. ಅಪ್ಪ ಅಮ್ಮನ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬೆಟ್ಟದ ನಡಿಗೆ ಸೇರಿದೆಯಾ ಓದಿ ನೋಡಿ.

ಮಧ್ಯಾಹ್ನ 3ರೊಳಗೆ ಹಟ್ ಸೇರಿ. ಗುಡುಗು ಮಳೆ ಜಾಸ್ತಿ ಬರುವುದು ಆಮೇಲೆಯೇ. ಮೋಡ ಕಪ್ಪಾದರೆ ಹೋಲ್‌ಯೋಖ್‌ನಿಂದ ವಾಪಸ್ ಇಳಿಯಲು ನಾಚಿಕೆ ಬೇಡ. ದಾರಿಯಲ್ಲಿ ಕರುಗಳ ಜೊತೆ ಹಸು ಕಂಡರೆ ದೂರದಿಂದ ಸುತ್ತಿ ಹೋಗಿ. ಅಮ್ಮ ನಮ್ಮೂರ ಹಸುವಿನಂತೆ ಹಣೆ ಮುಟ್ಟಿ ನಮಸ್ಕಾರ ಮಾಡಲು ಹೋಗದಂತೆ ನೋಡಿಕೊಳ್ಳಿ, ಇವು ಕರು ಇದ್ದಾಗ ಹಾಯುತ್ತವೆ. ಆಸ್ಟ್ರಿಯಾದ ಬೆಟ್ಟದ ತುರ್ತು ನಂಬರ್ 140. ಸಿಗ್ನಲ್ ಕಷ್ಟವಿದ್ದರೆ 112 ಒತ್ತಿ, ಬೇರೆ ಕಂಪನಿಯ ನೆಟ್‌ವರ್ಕ್‌ನಲ್ಲೂ ಹೋಗುತ್ತದೆ. ಏನೂ ಇಲ್ಲದಿದ್ದರೆ ಸೀಟಿ ಅಥವಾ ಟಾರ್ಚ್, ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು.

ಹಟ್‌ನಲ್ಲಿ ಒಂದು ದಪ್ಪ ಪುಸ್ತಕ ಇಟ್ಟಿರುತ್ತಾರೆ. ಹೆಸರು, ಎಲ್ಲಿಂದ ಬಂದಿರಿ, ನಾಳೆ ಎಲ್ಲಿಗೆ ಎಂದು ಬರೆಯಬೇಕು. ಅಪ್ಪ ಕನ್ನಡದಲ್ಲಿ ಎರಡು ಸಾಲು ಬರೆಯಲಿ, ಖುಷಿ ಅವರದ್ದು. ನಾಳೆ ಹೋಗುವ ದಾರಿಯನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಹುಡುಕಿಕೊಂಡು ಬರುವವರು ಮೊದಲು ತೆಗೆದು ನೋಡುವುದು ಆ ಪುಟವನ್ನೇ.